ಕೆರೆ ಮೀನಿನ ಲೆಕ್ಕ ತೂಬಿನಿಂದ ಶುರುವಾಗಲಿ

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಮೀನುಗಾರರ ಸಹಕಾರ ಸಂಘದ ಸಭೆ ಸೇರಿದರೆ ಮೊದಲು ಏಳುವ ಪ್ರಶ್ನೆ ಒಂದೇ: ಈ ಸಲ ಎಷ್ಟು ಲಕ್ಷ ಮರಿ ಬಿಡೋಣ? ಎರಡು ಲಕ್ಷ ಅಂದವರು ದೊಡ್ಡ ಮನಸ್ಸಿನವರು, ಐವತ್ತು ಸಾವಿರ ಸಾಕು ಅಂದವರು ಜುಗ್ಗರು. ಏಪ್ರಿಲ್ ಹೊತ್ತಿಗೆ ಕೆರೆಯಲ್ಲಿ ಎಷ್ಟು ನೀರು ಉಳಿಯುತ್ತದೆ ಅಂತ ಕೇಳುವವರು ಕಡಿಮೆ. ಮರಿ ಸತ್ತು ಸಾಲ ಉಳಿಯುವುದು, ರೈತರ ಜೊತೆ ಜಗಳವಾಗುವುದು, ಕೊನೆಗೆ ಬೇಸತ್ತ ಸಂಘ ಕೆರೆಯನ್ನು ಒಳಗುತ್ತಿಗೆಗೆ ಕೊಟ್ಟು ಸದಸ್ಯರೇ ತಮ್ಮ ಕೆರೆಯಲ್ಲಿ ಕೂಲಿಗೆ ನಿಲ್ಲುವುದು, ಇವೆಲ್ಲದರ ಬೇರು ಹುಡುಕುತ್ತಾ ಹೋದರೆ ಬಹುಮಟ್ಟಿಗೆ ಈ ಕೇಳದೆ ಉಳಿದ ಪ್ರಶ್ನೆಗೇ ಬಂದು ನಿಲ್ಲುತ್ತೇವೆ.

ಎಲ್ಲ ಕೆರೆಯೂ ಒಂದೇ ಅಲ್ಲ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ, ಅಂದರೆ ಶಾಂತಿಸಾಗರಕ್ಕೆ, ಹರಿದ್ರಾ ಹಳ್ಳದ ನೀರಿನ ಜೊತೆಗೆ ಭದ್ರಾ ನಾಲೆಯ ನೀರೂ ಬರುತ್ತದೆ. ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದೂ ಅಲ್ಲಿಂದ. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಕಟ್ಟಿ ಮುಗಿದದ್ದು, ಪೂರ್ಣ ಮಟ್ಟ 130 ಅಡಿ.  ಇಂಥ ಕಡೆ ಮೀನಿಗೆ ವರ್ಷವಿಡೀ ನೀರಿರುತ್ತದೆ, ಅಲ್ಲಿನ ಲೆಕ್ಕವೇ ಬೇರೆ. ಇಲ್ಲಿ ಹೇಳುತ್ತಿರುವುದು ಜಗಳೂರು, ಚಳ್ಳಕೆರೆ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಐವತ್ತು, ನೂರು, ಇನ್ನೂರು ಎಕರೆಯ ಊರ ಕೆರೆಗಳ ಮಾತು. ಅಲ್ಲಿ ನೀರು ತುಂಬುವುದು ಸೆಪ್ಟೆಂಬರ್, ಅಕ್ಟೋಬರ್‌ನ ಹಿಂಗಾರಿನ ಹೊತ್ತಿಗೆ. ತುಂಗಭದ್ರೆಯಿಂದ ಪೈಪಿನಲ್ಲಿ ನೀರು ಬರುವ ಜಗಳೂರು, ಭರಮಸಾಗರದ ಕೆರೆಗಳಲ್ಲಿ ಮಾತ್ರ ಈ ಪಂಚಾಂಗ ಬದಲಾಗಿದೆ. ನದಿ ತುಂಬಿ ಹರಿಯುವಾಗ ಪಂಪು ಓಡುತ್ತದೆ, ಅಂದರೆ ಊರಲ್ಲಿ ಹನಿ ಮಳೆ ಬೀಳದಿದ್ದರೂ ಆಗಸ್ಟ್‌ನಲ್ಲೇ ಕೆರೆಗೆ ನೀರು ಬರಬಹುದು. ಅಂಥ ಕೆರೆಯ ಸಂಘ ಮೋಡ ನೋಡಿ ಕೂತರೆ ಎರಡು ತಿಂಗಳ ಬೆಳವಣಿಗೆ ಕಳೆದುಕೊಳ್ಳುತ್ತದೆ.

ಗಂಗಾಮತಸ್ಥರು, ಬೆಸ್ತರು, ಅಂಬಿಗರು ತಲೆಮಾರುಗಳಿಂದ ಈ ನೀರಿನ ಮೇಲೆ ಬದುಕಿದವರು. ಕೋಡಿ ಬಿದ್ದ ದಿನ ಯಾವ ಹಳ್ಳಕ್ಕೆ ಮೀನು ಹತ್ತುತ್ತದೆ, ತೂಬಿನ (ಗದ್ದೆಗೆ ನೀರು ಬಿಡುವ ಬಾಗಿಲಿನ) ಗುಂಡಿಯಲ್ಲಿ ಯಾವ ತಿಂಗಳು ಏನು ಸೇರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಕಾಗದದ ಮೇಲೆ ಮಾತ್ರ ಅವರ ಹಕ್ಕು ಇಲಾಖೆಯೋ ಪಂಚಾಯ್ತಿಯೋ ಗುತ್ತಿಗೆಗೆ ಕೊಡುವ ‘ಮೀನು ಪಾಶುವಾರು ಹಕ್ಕು’, ಅಂದರೆ ಮೀನು ಹಿಡಿಯುವ ಹಕ್ಕು ಮಾತ್ರ. ನೀರಿನ ಹಕ್ಕು ಅದರಲ್ಲಿಲ್ಲ. ತೂಬು ತೆಗೆಯುವ ಮುಚ್ಚುವ ಮಾತು ಅಚ್ಚುಕಟ್ಟಿನ ರೈತರದ್ದು, ನೀರಗಂಟಿಯದ್ದು. ಗುತ್ತಿಗೆ ಪತ್ರ ಕೈಯಲ್ಲಿ ಹಿಡಿದು ‘ನಮ್ಮ ಮೀನಿದೆ, ನೀರು ಬಿಡಬೇಡಿ’ ಅಂತ ಏರಿಯ ಮೇಲೆ ನಿಂತರೆ ಭತ್ತದ ಗದ್ದೆಯವರು ಕೇಳುತ್ತಾರೆಯೇ? ಕೇಳಲೂ ಬಾರದು, ಕೆರೆ ಕಟ್ಟಿದ್ದು ಬೆಳೆಗೆ.

ಒಪ್ಪಂದ ಆಗಬೇಕಾದ್ದು ಕೆರೆ ತುಂಬಿ ಎಲ್ಲರೂ ಖುಷಿಯಲ್ಲಿರುವಾಗ, ಬಾಗಿನ ಕೊಟ್ಟ ವಾರವೇ. ನೀರು ಬಳಕೆದಾರರ ಸಂಘ, ಪಂಚಾಯ್ತಿ, ನೀರಗಂಟಿ, ದನ ಮೇಯಿಸುವವರು, ಮೀನುಗಾರರು ಇಷ್ಟೂ ಜನ ಕೂತು ಒಂದೇ ಒಂದು ಸಂಗತಿ ತೀರ್ಮಾನಿಸಬೇಕು: ಎಷ್ಟನೇ ಅಡಿಗೆ ತೂಬು ಮುಚ್ಚುವುದು. ದನಕರುಗಳಿಗೆ ಬೇಸಿಗೆಯಲ್ಲಿ ಹೇಗೂ ನೀರು ಬೇಕು, ಹಾಗಾಗಿ ಮೀನಿನ ಹೆಸರು ಹೇಳುವುದಕ್ಕಿಂತ ದನದ ಹೆಸರು ಹೇಳಿದರೆ ಮಾತು ಬೇಗ ಮುಗಿಯುತ್ತದೆ. ನಾಲ್ಕಡಿ ಅಂತಾದರೆ ತೂಬಿನ ಕಲ್ಲುಕಂಬದ ಮೇಲೆ ಅಲ್ಲಿಗೇ ಕೆಂಪು ಬಣ್ಣದ ಗೆರೆ ಎಳೆಯಿರಿ. ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಪುಸ್ತಕ ಓದಲು ಯಾರೂ ಬರುವುದಿಲ್ಲ, ಗೆರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ತೂಬಿನ ಬಾಗಿಲು ಸೋರುತ್ತಿದ್ದರೆ ಈ ಗೆರೆಗೆ ಅರ್ಥವಿಲ್ಲ, ಜನವರಿಯೊಳಗೆ ಅದನ್ನು ರಿಪೇರಿ ಮಾಡಿಸಿ.

ಮರಿಯ ಸಂಖ್ಯೆಯ ಭ್ರಮೆ

ಈಗ ಮರಿ ಲೆಕ್ಕಕ್ಕೆ ಬರೋಣ. ಕೆರೆಯ ಪೂರ್ಣ ಮಟ್ಟದ ವಿಸ್ತೀರ್ಣ ದಾಖಲೆಯಲ್ಲಿ ಸಿಗುತ್ತದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯಲ್ಲಿ ಕೇಳಿ. ಏಪ್ರಿಲ್‌ನಲ್ಲಿ ಉಳಿಯುವ ನೀರಿನ ವಿಸ್ತೀರ್ಣಕ್ಕೆ ಹಿಂದಿನ ನಾಲ್ಕೈದು ವರ್ಷಗಳ ಉಪಗ್ರಹ ಚಿತ್ರಗಳನ್ನು ಮೊಬೈಲ್‌ನಲ್ಲೇ ನೋಡಬಹುದು, ಜೊತೆಗೆ ಹಿರಿಯರ ನೆನಪಿದೆ. ಈ ಎರಡು ವಿಸ್ತೀರ್ಣಗಳನ್ನೂ ಕೂಡಿಸಿ ಅರ್ಧ ಮಾಡಿ. ತುಂಬಿದಾಗ 100 ಎಕರೆ, ಏಪ್ರಿಲ್‌ನಲ್ಲಿ 20 ಎಕರೆ ಇರುವ ಕೆರೆ ಮೀನಿನ ಮಟ್ಟಿಗೆ 60 ಎಕರೆಯ ಕೆರೆ, ಅಂದರೆ ಸುಮಾರು 24 ಹೆಕ್ಟೇರ್. ಹೆಕ್ಟೇರಿಗೆ ನಾಲ್ಕಿಂಚಿನ ಬಲಿತ ಮರಿ 2,000ದಂತೆ ಹಿಡಿದರೆ 48,000 ಮರಿ. ಅದರಲ್ಲಿ ನೂರಕ್ಕೆ 40 ಬದುಕಿದರೂ 19,200 ಮೀನು. ತಲಾ 750 ಗ್ರಾಂ ಬೆಳೆದರೆ ಕೆರೆಯಲ್ಲಿ 14,400 ಕೆ.ಜಿ. ಇದ್ದ ಹಾಗೆ. ಎಲ್ಲವೂ ಬಲೆಗೆ ಬೀಳುವುದಿಲ್ಲ. ಜಾಲಿಮರದ ಬೇರು, ಮಣ್ಣು ತೆಗೆದ ಗುಂಡಿ, ಕಳ್ಳತನ, ಹಕ್ಕಿ ಎಲ್ಲ ಕಳೆದು ನೂರಕ್ಕೆ 60 ಸಿಕ್ಕಿತು ಅಂದರೂ 8,600 ಕೆ.ಜಿ. ದಾಟುತ್ತದೆ.

ಅದೇ 48,000 ಮರಿಯನ್ನು ಒಂದಿಂಚಿನದ್ದು ತಂದು ಬಿಟ್ಟರೆ ಉಳಿಯುವುದು ನೂರಕ್ಕೆ ಹತ್ತು ಎಂದೇ ಲೆಕ್ಕ ಹಾಕಿ. 4,800 ಮೀನು, ಕೈಗೆ ಬರುವುದು 2,160 ಕೆ.ಜಿ. ಕೊರವ ಮೀನು, ಬಾಳೆಮೀನು, ನೀರುಕಾಗೆ, ನೀರುಹಾವು ಇವಕ್ಕೆಲ್ಲ ಒಂದಿಂಚಿನ ಮರಿ ಎಂದರೆ ತುತ್ತು. ಲಕ್ಷಗಟ್ಟಲೆ ಸಣ್ಣ ಮರಿ ಸುರಿದು ಫೋಟೋ ತೆಗೆಸಿಕೊಳ್ಳುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಕಷ್ಟ ಇರುವುದು ಕಾಲದಲ್ಲಿ. ನಾವು ಕೆರೆಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಗಂಗಾ ನದಿಯ ಬಯಲಿನ ಮೀನುಗಳು, ಹರಿಯುವ ಪ್ರವಾಹದಲ್ಲಿ ಮೊಟ್ಟೆ ಇಡುವಂಥವು. ನಿಂತ ಕೆರೆ ನೀರಲ್ಲಿ ಬೆಳೆಯುತ್ತವೆ, ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಮೀನು ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಚುಚ್ಚುಮದ್ದು ಕೊಟ್ಟು ಇವುಗಳಿಂದ ಮೊಟ್ಟೆ ಇಡಿಸಿದ ಮೇಲೇ ಊರೂರಿಗೆ ಮರಿ ಸಿಗುವಂತಾದದ್ದು. ಪ್ರತಿ ವರ್ಷ ಮರಿ ಕೊಳ್ಳಲೇಬೇಕಾದ ಕಾರಣವೂ ಇದೇ. ಭದ್ರಾ ಪ್ರಾಜೆಕ್ಟಿನ ಮೀನುಮರಿ ಕೇಂದ್ರದಂಥ ಕಡೆ ಮರಿ ಸಿಗುವುದು ಮುಂಗಾರಿನಲ್ಲಿ, ಜೂನ್ ಕೊನೆಯಿಂದ ಆಗಸ್ಟ್ ತನಕ. ನಮ್ಮ ಕೆರೆಗೆ ನೀರು ಬರುವುದು ಅಕ್ಟೋಬರ್‌ಗೆ. ನಡುವಿನ ಎರಡು ಮೂರು ತಿಂಗಳು ಮರಿಯನ್ನು ಸಾಕಬೇಕಾದದ್ದು ಸಂಘ. ಸಾಕಿದರೆ ತಾನಾಗಿಯೇ ನಾಲ್ಕಿಂಚಾಗುತ್ತದೆ. ಮಳೆಯ ತಡ ಇಲ್ಲಿ ಲಾಭಕ್ಕೇ ತಿರುಗುತ್ತದೆ.

ಬೋರ್‌ವೆಲ್ ಇರುವ ಸದಸ್ಯರೊಬ್ಬರ ಹೊಲದಲ್ಲಿ 25 ಗುಂಟೆಯ ಹೊಂಡ ಸಿಕ್ಕರೂ ಸಾಕು. ನಾಲ್ಕಡಿ ನೀರು, ಒಂದಿಂಚಿನ ಮರಿ 60,000ಕ್ಕಿಂತ ಹೆಚ್ಚು ಬೇಡ. ಕಡಲೆ ಹಿಂಡಿ ಮತ್ತು ಅಕ್ಕಿ ತೌಡು ಸಮಸಮ. ಹಿಂಡಿಗೆ ಚಳ್ಳಕೆರೆಯ ಎಣ್ಣೆ ಗಾಣಗಳಿವೆ, ತೌಡಿಗೆ ಮಲೇಬೆನ್ನೂರು, ಹರಿಹರದ ಅಕ್ಕಿ ಗಿರಣಿಗಳಿವೆ. ಹಿಂಡಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ತೌಡು ಕಲಸಿ ಉಂಡೆ ಮಾಡಿ, ತೂತು ಹೊಡೆದ ಗೊಬ್ಬರದ ಚೀಲದಲ್ಲಿಟ್ಟು ನೀರಲ್ಲಿ ಕಟ್ಟಿ. ಮರುದಿನ ಚೀಲದಲ್ಲಿ ಉಳಿದಿದ್ದರೆ ಹಾಕುವುದನ್ನು ಕಡಿಮೆ ಮಾಡಿ, ಉಳಿದ ಹಿಂಡಿ ಕೊಳೆತರೆ ಮರಿಗೇ ಉಸಿರು ಕಟ್ಟುತ್ತದೆ. ಹೊಂಡದ ಮೇಲೆ ಅಡಿಗೊಂದರಂತೆ ಟಂಗೂಸ್ (ನೈಲಾನ್) ದಾರ ಎಳೆದರೆ ಹಕ್ಕಿ ಇಳಿಯುವುದಿಲ್ಲ.

ಮರಿ ತರುವಾಗ ಮೋಸವೂ ಆಗುತ್ತದೆ, ಸಾವೂ ಆಗುತ್ತದೆ. ಎಣಿಕೆಗೆ ಮೊದಲು ಜರಡಿ ಬಟ್ಟಲಿನಲ್ಲಿ ಮೂರು ಸಲ ತೆಗೆದು ಒಂದೊಂದಾಗಿ ಎಣಿಸಿ, ಸರಾಸರಿ ಹಿಡಿದು, ಉಳಿದದ್ದನ್ನು ಬಟ್ಟಲ ಲೆಕ್ಕದಲ್ಲಿ ಹಾಕಿಸಿಕೊಳ್ಳಿ. ಬಟ್ಟಲಿನಿಂದ ನೀರು ಪೂರ್ತಿ ಸೋರಿದ ಮೇಲೇ ಲೆಕ್ಕ, ಇಲ್ಲದಿದ್ದರೆ ಮರಿಯ ಬೆಲೆಗೆ ನೀರು ಕೊಂಡು ಬರುತ್ತೀರಿ. ಮರಿಗೆ ಹಿಂದಿನ ದಿನದಿಂದ ಮೇವು ನಿಲ್ಲಿಸಿರಬೇಕು. ಹೊಟ್ಟೆ ತುಂಬಿದ ಮರಿ ಚೀಲದಲ್ಲೇ ಹೊಲಸು ಮಾಡಿ ಸಾಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಆರು ಗಂಟೆಗಿಂತ ದೂರದ ದಾರಿಯಾದರೆ ಒಂದಿಂಚಿನ ಮರಿ ಚೀಲಕ್ಕೆ 500 ದಾಟಬಾರದು. ರಾತ್ರಿ ಹೊರಟು ಬೆಳಗಿನ ಜಾವ ಬಂದು ಸೇರಿ. ಬಂದ ಕೂಡಲೇ ಸುರಿಯಬೇಡಿ. ಚೀಲವನ್ನು ಬಾಯಿ ಕಟ್ಟಿದ ಹಾಗೆಯೇ ಇಪ್ಪತ್ತು ನಿಮಿಷ ನೀರಲ್ಲಿ ತೇಲಬಿಟ್ಟು, ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಬೊಗಸೆ ಬೊಗಸೆಯಾಗಿ ಒಳಗೆ ಹಾಕಿ, ಮರಿ ತಾನಾಗಿ ಈಜಿ ಹೊರಗೆ ಹೋಗಲು ಬಿಡಿ. ಅವಸರಕ್ಕೆ ಬಿದ್ದವರ ಮರಿ ಮೂರನೇ ದಿನ ದಡಕ್ಕೆ ಬರುತ್ತದೆ, ಆಗ ಬೈಯುವುದು ಮರಿ ಕೊಟ್ಟವರನ್ನು.

ಜಾತಿಯ ಆಯ್ಕೆಯೂ ನೀರನ್ನೇ ಕೇಳುತ್ತದೆ. ಹತ್ತು ತಿಂಗಳಿಗಿಂತ ಹೆಚ್ಚು ನೀರು ನಿಲ್ಲುವ ಆಳದ ಕೆರೆಗೆ ಕಾಟ್ಲಾ 40, ರೋಹು 30, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಸೇರಿ 30, ಇದು ನೂರು ಮರಿಯ ಲೆಕ್ಕ. ಕಾಟ್ಲಾ ಮೇಲುನೀರಿನದ್ದು, ರೋಹು ನಡುನೀರಿನದ್ದು, ಉಳಿದೆರಡು ತಳದವು, ಹಾಗಾಗಿ ಒಂದರ ಮೇವಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಆರೇಳು ತಿಂಗಳ ಕೆಂಪು ರಾಡಿ ನೀರಿನ ಕೆರೆಗೆ ರೋಹು ದಂಡ. ಅಲ್ಲಿ ಕಾಟ್ಲಾ ಮತ್ತು ಗೆಂಡೆ ಅರ್ಧರ್ಧ ಬಿಟ್ಟು, ಮರಿ ಐದಾರು ಇಂಚಿನದ್ದೇ ಇರಲಿ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಯಾರು ಬಿಟ್ಟಿಯಾಗಿ ಕೊಟ್ಟರೂ ಬೇಡ. ಕೇಂದ್ರ ಸರ್ಕಾರ 2000ದಲ್ಲೇ ಅದನ್ನು ನಿಷೇಧಿಸಿದೆ, ಕೆರೆಯ ನಾಟಿ ಮೀನನ್ನೆಲ್ಲ ಅದು ನುಂಗಿ ಮುಗಿಸುತ್ತದೆ. ಬಲೆಗೆ ಬಿದ್ದರೆ ವಾಪಸ್ ನೀರಿಗೆ ಬಿಡಬೇಡಿ.

ಬಲೆಯ ಕಣ್ಣು, ಸರದಿಯ ಚೀಟಿ

ಸಂಘದೊಳಗಿನ ಜಗಳ ಹುಟ್ಟುವುದು ಎರಡು ಕಡೆ: ಯಾರ ಬಲೆಯ ಕಣ್ಣು ಸಣ್ಣದು, ಯಾರಿಗೆ ಒಳ್ಳೆಯ ಜಾಗ ಸಿಕ್ಕಿತು.

ಕಣ್ಣಿನ ಅಳತೆ ಹೀಗೆ. ಬಲೆಯ ಒಂದು ಕಣ್ಣನ್ನು ಎರಡು ಹೆಬ್ಬೆರಳಲ್ಲಿ ಎದುರುಬದುರು ಗಂಟು ಹಿಡಿದು ಬಿಗಿಯಾಗಿ ಎಳೆದು, ಗಂಟಿನಿಂದ ಗಂಟಿಗೆ ಅಳೆಯಬೇಕು. ಹಾಗೆ ಎಳೆದಾಗ ನಾಲ್ಕಿಂಚಿಗಿಂತ ಕಡಿಮೆ ಇರುವ ಬಿಡುಬಲೆ ಕೆರೆಗೆ ಇಳಿಯಬಾರದು. ಕಾಟ್ಲಾ ಮೊದಲ ವರ್ಷ ಕೊನೆಯ ಮೂರು ತಿಂಗಳಲ್ಲಿ ತೂಕ ಏರಿಸಿಕೊಳ್ಳುವ ರೀತಿ ನೋಡಿದರೆ ಮೂರಿಂಚಿನ ಬಲೆಯಲ್ಲಿ ಡಿಸೆಂಬರ್‌ಗೇ ಹಿಡಿದ 400 ಗ್ರಾಂ ಮೀನು ಶುದ್ಧ ನಷ್ಟ. ಅಳತೆಗೆ ಸಂಘದ ಕಚೇರಿಯಲ್ಲಿ ನಾಲ್ಕಿಂಚಿನ ಮರದ ತುಂಡೊಂದು ಇರಲಿ. ಕಣ್ಣಿಗೆ ತೂರಿಸಿ ನೋಡಿದರಾಯಿತು, ಮಾತಿಗೆ ಮಾತು ಬೆಳೆಯುವುದಿಲ್ಲ. ಹರಿದ ಟಂಗೂಸ್ ಬಲೆಯನ್ನು ನೀರಲ್ಲೇ ಬಿಟ್ಟು ಬರುವ ಚಾಳಿಗೆ ದಂಡ ಹಾಕಿ, ಬಿಟ್ಟ ಬಲೆ ತಿಂಗಳುಗಟ್ಟಲೆ ಮೀನು ಕೊಲ್ಲುತ್ತಲೇ ಇರುತ್ತದೆ.

ಜಾಗದ ವಿಷಯಕ್ಕೆ ಹಳೆಯ ಚೀಟಿ ಪದ್ಧತಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ತೂಬಿನ ಗುಂಡಿ, ಕೋಡಿ ಮೂಲೆ, ಹಳ್ಳ ಸೇರುವ ಬಾಯಿ, ಹಿನ್ನೀರಿನ ಜಾಲಿತೋಪು, ಹೀಗೆ ಕೆರೆಯನ್ನು ಜಾಗಗಳಾಗಿ ಗುರುತಿಸಿ, ತೆಪ್ಪಕ್ಕೆ ಇಬ್ಬರಂತೆ ಜೋಡಿ ಮಾಡಿ, ವಾರಕ್ಕೊಮ್ಮೆ ಚೀಟಿ ಎತ್ತಿಸಿ. ತೂಬಿನ ಗುಂಡಿ ಒಮ್ಮೆ ಬಂದ ಜೋಡಿಗೆ ಎಲ್ಲರ ಸುತ್ತು ಮುಗಿಯುವ ತನಕ ಮತ್ತೆ ಬಾರದು. ರಾತ್ರಿ ಕಾವಲಿಗೂ ಅದೇ ಚೀಟಿ. ಕಾವಲು ತಪ್ಪಿಸಿದ ಜೋಡಿ ಮುಂದಿನ ವಾರದ ಸರದಿ ಕಳೆದುಕೊಳ್ಳಲಿ, ದುಡ್ಡಿನ ದಂಡಕ್ಕಿಂತ ಇದು ನಾಟುತ್ತದೆ. ತೆಪ್ಪದವರಿಗೆ ಟ್ಯೂಬೋ ಲೈಫ್ ಜಾಕೆಟ್ಟೋ ಕಡ್ಡಾಯ. ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ಸಾವಿಗೆ 5 ಲಕ್ಷ ರೂಪಾಯಿ ಪರಿಹಾರವಿದೆ, ಸದಸ್ಯರ ಹೆಸರು ನೋಂದಾಯಿಸಿದ್ದರೆ ಮಾತ್ರ.

ಗಾಳ ಹಾಕುವವರನ್ನು, ದಡದಲ್ಲಿ ಸಾಸಲು, ಪಕ್ಕೆಯಂಥ ಸಣ್ಣ ಮೀನು ಹಿಡಿದು ಸಾರು ಮಾಡಿಕೊಳ್ಳುವ ಬಡವರನ್ನು ಓಡಿಸುವ ಸಂಘಗಳಿವೆ. ಇದು ದಡ್ಡತನ. ಮನೆಯ ಅಡುಗೆಗೆ ಗಾಳ ಬಿಟ್ಟರೆ ಕಾವಲಿಗೆ ಇಡೀ ಊರೇ ಸಿಗುತ್ತದೆ. ಜಿಲೇಬಿ ಮೀನಂತೂ (ತಿಲಾಪಿಯಾ) ತಿಂಗಳು ತಿಂಗಳೂ ಮರಿ ಹಾಕಿ ಕೆರೆ ತುಂಬಿಕೊಳ್ಳುವಂಥದ್ದು, ಅದನ್ನು ಬೀಸುಬಲೆಯಲ್ಲಿ ದಡದಿಂದ ಹಿಡಿದು ಮಾರಲು ಬುಟ್ಟಿ ಹೊರುವ ಹೆಣ್ಣುಮಕ್ಕಳಿಗೆ ಬಿಟ್ಟುಕೊಡಬಹುದು. ಬ್ಲೀಚಿಂಗ್ ಪೌಡರ್, ಕಾರೆಕಾಯಿ ಪುಡಿ, ಬ್ಯಾಟರಿ ಕರೆಂಟು ಹಾಕಿ ಮೀನು ಕೊಲ್ಲುವವರ ಮೇಲೆ ಮಾತ್ರ ಕರುಣೆ ಬೇಡ. ನೇರ ಪೊಲೀಸ್ ದೂರು.

ಮುಂಗಾರಿನ ಮೊದಲ ಎರಡು ತಿಂಗಳು ಹಳ್ಳದ ಬಾಯಿಗೆ ಕೂಳಿ (ಮೀನು ಹಿಡಿಯುವ ಬಿದಿರ ಬೋನು) ಹಾಕುವುದನ್ನು ಪೂರ್ತಿ ನಿಲ್ಲಿಸಬೇಕು. ಹೊಸ ನೀರು ಬಂದಾಗ ನಾಟಿ ಮೀನು ಮೊಟ್ಟೆ ಇಡಲು ಅಲ್ಲಿಂದಲೇ ಮೇಲೆ ಹತ್ತುತ್ತದೆ. ಆ ದಿನಗಳಲ್ಲಿ ಜೊಂಡಿನ ಅಂಚಿಗೆ ಹೋಗಿ ಸುಮ್ಮನೆ ನಿಂತರೆ ಒಂದು ನೋಟ ಕಾಣುತ್ತದೆ: ಕೆಂಪು-ಕಿತ್ತಳೆ ಬಣ್ಣದ ನೂರಾರು ಸಣ್ಣ ಮರಿಗಳ ಗುಂಪು ಒಟ್ಟಿಗೆ ಮೇಲೆ ಬಂದು, ಗಾಳಿ ಕುಡಿದು, ಒಟ್ಟಿಗೆ ಇಳಿಯುತ್ತದೆ. ಅದು ಕೊರವನ ಮರಿಹಿಂಡು. ಅದರ ಅಡಿಯಲ್ಲೇ ತಾಯಿತಂದೆ ಕಾಯುತ್ತಿರುತ್ತವೆ, ಹತ್ತಿರ ಬಂದದ್ದಕ್ಕೆಲ್ಲ ಮೇಲೆ ಬೀಳುತ್ತವೆ. ಗಾಳದವರಿಗೆ ಇದು ಗೊತ್ತು. ಹಿಂಡಿನ ನಡುವೆ ಕಪ್ಪೆ ಕಟ್ಟಿದ ಗಾಳ ಆಡಿಸಿದರೆ ಕೊರವ ಬಂದು ಕಚ್ಚಲೇಬೇಕು. ಎರಡು ಕೆ.ಜಿ.ಯ ಮೀನು ಸಿಕ್ಕಿತು, ನಿಜ. ಕಾಯುವವರಿಲ್ಲದ ಮರಿಹಿಂಡು ಸಂಜೆಯೊಳಗೆ ಗಿರ್ಲು ಮೀನಿಗೋ ಜಿಲೇಬಿ ಮೀನಿಗೋ ಆಹಾರ. ಸಂತೆಯಲ್ಲಿ ಕಾಟ್ಲಾಗಿಂತ ಹೆಚ್ಚು ಬೆಲೆ ಬರುವ ಮೀನು ಕೊರವ, ಅದರ ಮರಿಗೆ ನಾವು ಕಾಸು ಕೊಡುವುದೂ ಇಲ್ಲ. ಕೊರವ ನಮ್ಮ ಕಾಟ್ಲಾ ಮರಿ ತಿನ್ನುತ್ತದೆ ಎಂದು ಅದನ್ನು ನಿರ್ಮೂಲ ಮಾಡಲು ಹೊರಡುವವರಿಗೆ ಮೇಲೆ ಹೇಳಿದ ನಾಲ್ಕಿಂಚಿನ ಮರಿಯೇ ಉತ್ತರ.

ತಕ್ಕಡಿ

ಬೆಳಗಿನ ಜಾವ ಎತ್ತಿದ ಮೀನು ಏರಿಯ ಮೇಲೆ ಒಂದೇ ಜಾಗದಲ್ಲಿ ತೂಗಬೇಕು. ಕ್ರೇಟನ್ನು ನೀರಲ್ಲಿ ಅದ್ದಿ, ಒದ್ದೆ ಕ್ರೇಟಿನ ತೂಕವನ್ನೇ ಕಳೆಯಿರಿ. ಒಣ ಕ್ರೇಟಿನ ತೂಕ ಹಿಡಿದರೆ ವ್ಯಾಪಾರಿ ತಕರಾರು ತೆಗೆದು ‘ಸೋರಿಕೆ’ ಅಂತ ಕ್ರೇಟಿಗೆ ಎರಡು ಕೆ.ಜಿ. ಹೊಡೆಯುತ್ತಾನೆ. ರಸೀದಿ ಮೂರು ಪ್ರತಿ: ಹಿಡಿದ ಜೋಡಿಗೊಂದು, ಸಂಘಕ್ಕೊಂದು, ವ್ಯಾಪಾರಿಗೊಂದು. ಹಣ ಬಂದ ಮೇಲೆ ಗಾಡಿ ಹೊರಡಬೇಕು.

ಪಾಲಿನಲ್ಲಿ ಹಿಡಿದವರಿಗೆ ಅರ್ಧ, ಸಂಘಕ್ಕೆ ಅರ್ಧ ಎಂಬುದು ಸರಳ, ಎಲ್ಲರಿಗೂ ಅರ್ಥವಾಗುವಂಥದ್ದು. ಸಂಘದ ಅರ್ಧದಲ್ಲಿ ಮೊದಲು ಗುತ್ತಿಗೆ ಹಣ, ಆಮೇಲೆ ಮುಂದಿನ ವರ್ಷದ ಮರಿ ಮತ್ತು ಹಿಂಡಿಯ ದುಡ್ಡು ಬೇರೆ ಖಾತೆಗೆ. ಉಳಿದರೆ ಮಾತ್ರ ಲಾಭಾಂಶ. ಬಲೆ ಎಳೆಯಲಾಗದ ಮುದುಕರು, ಗಂಡನಿಲ್ಲದ ಹೆಣ್ಣುಮಕ್ಕಳು ಸದಸ್ಯರಾಗಿದ್ದರೆ ಅವರ ಪಾಲು ಈ ಲಾಭಾಂಶದಿಂದಲೇ ಬರಬೇಕಾದ್ದು, ಹಾಗಾಗಿ ಖರ್ಚಿನ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸಿ. ಮರಿ ದುಡ್ಡನ್ನು ಹಬ್ಬಕ್ಕೆ ಹಂಚಿಕೊಂಡ ಸಂಘ ಜುಲೈನಲ್ಲಿ ವ್ಯಾಪಾರಿಯ ಹತ್ತಿರ ಮುಂಗಡಕ್ಕೆ ಕೈಯೊಡ್ಡುತ್ತದೆ. ಅಲ್ಲಿಂದ ದರ ಹೇಳುವವನು ಅವನೇ, ಎರಡನೇ ವರ್ಷಕ್ಕೆ ಒಳಗುತ್ತಿಗೆಯೂ ಅವನದೇ.

ಮಾರ್ಚ್‌ನಿಂದ ಮೇ

ನೀರು ಇಳಿದು ಹಸಿರು ದಪ್ಪವಾದಾಗ ಅಪಾಯ ಬರುವುದು ಮೋಡ ಕವಿದ ದಿನದ ಮರುದಿನ ಬೆಳಗಿನ ಜಾವ. ರಾತ್ರಿಯಿಡೀ ಪಾಚಿಯೂ ಉಸಿರಾಡುತ್ತದೆ, ಹಗಲು ಬಿಸಿಲಿಲ್ಲದೆ ಅದು ಆಮ್ಲಜನಕ ಕೊಟ್ಟಿರುವುದಿಲ್ಲ. ನಸುಕಿನ ನಾಲ್ಕೂವರೆಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ತಟ್ಟಿ ಸದ್ದು ಮಾಡಿದರೂ ಕೆಳಗಿಳಿಯದಿದ್ದರೆ, ಕೆಲವೇ ಗಂಟೆಗಳ ಸಮಯವಿದೆ ಎಂದು ತಿಳಿಯಿರಿ. ದಡದ ಪಂಪ್‌ಸೆಟ್‌ಗಳಿಂದ ಕೆರೆ ನೀರನ್ನೇ ಎತ್ತಿ ಮೇಲಿಂದ ಕೆರೆಗೇ ಚಿಮ್ಮಿಸಿ. ದೊಡ್ಡ ಮೀನಿಗೆ ಮೊದಲು ಉಸಿರು ಕಟ್ಟುತ್ತದೆ, ಅದೇ ಹೊತ್ತಿಗೆ ಎಳೆಬಲೆ ಹಾಕಿ ಅದನ್ನು ತೆಗೆಯಿರಿ. ಇಪ್ಪತ್ತು ಎಕರೆ ನೀರಿಗೆ ಸುಣ್ಣ ಹಾಕಿ ಎಂದು ಸಲಹೆ ಕೊಡುವವರು ಲಾರಿ ಬಾಡಿಗೆಯ ಲೆಕ್ಕ ಹಾಕಿರುವುದಿಲ್ಲ. ಬೇಸಿಗೆಯ ಮೊದಲ ದೊಡ್ಡ ಮಳೆಯ ರಾತ್ರಿಯೂ ಹೀಗೇ ಆಗಬಹುದು. ಹೊಲದ ಕೊಳಕೆಲ್ಲ ಒಮ್ಮೆಲೇ ಬರುತ್ತದೆ, ತಳದ ಕೆಸರು ಏಳುತ್ತದೆ. ಆ ದಿನಗಳಲ್ಲಿ ಐಸಿನ ಬುಕಿಂಗ್ ಮೊದಲೇ ಆಗಿರಲಿ, ಮೇ ತಿಂಗಳ ಸೆಕೆಗೆ ಕೆ.ಜಿ. ಮೀನಿಗೆ ಕೆ.ಜಿ. ಐಸು ಬೇಕು. ಬಿಡುಬಲೆಯನ್ನು ಬೆಳಗಿನ ತನಕ ಬಿಡದೆ ಮಧ್ಯರಾತ್ರಿ ಒಮ್ಮೆ ಎತ್ತಿ ನೋಡಿ, ಇಲ್ಲದಿದ್ದರೆ ಸಿಕ್ಕಿಬಿದ್ದದ್ದು ಬಲೆಯಲ್ಲೇ ಮೆತ್ತಗಾಗುತ್ತದೆ.

ಸೊರಬ, ಶಿಕಾರಿಪುರದ ಕಡೆ ಬೇಸಿಗೆಯ ಕೊನೆಗೆ ಕೆರೆಬೇಟೆ ಮಾಡುತ್ತಾರೆ. ಕೂಣಿಗಿಷ್ಟು ಎಂದು ದುಡ್ಡು ಕಟ್ಟಿ ಊರೂರಿನವರು ಒಟ್ಟಿಗೆ ಇಳಿದು, ಕೂಣಿಯೆಂಬ ಆ ತಳವಿಲ್ಲದ ಬಿದಿರ ಬುಟ್ಟಿಯನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈಹಾಕಿ ಮೀನು ಹಿಡಿಯುತ್ತಾರೆ. ಅದರ ಸೊಬಗು ನೋಡಿ ನಮ್ಮ ಕಡೆಯೂ ಶುರು ಮಾಡೋಣ ಅನ್ನುವವರಿದ್ದಾರೆ. ಮಳೆ ಖಚಿತವಿರುವ ಮಲೆನಾಡಿಗೆ ಅದು ಸರಿ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆಯ ಚಳ್ಳಕೆರೆ, ಮೊಳಕಾಲ್ಮೂರಿಗೆ ಹೊಂದುವುದಿಲ್ಲ. ಇಲ್ಲಿ ಕೊನೆಯ ಗುಂಡಿಯನ್ನು ತಳ ಕಾಣುವಂತೆ ಬಳಿದರೆ ನಾಟಿ ಮೀನಿನ ಬೀಜ ಮತ್ತೆ ಹಳ್ಳ ಹರಿದು ಬರುವ ತನಕ ಕಾಯಬೇಕು, ಅದಕ್ಕೆ ಮೂರು ವರ್ಷವಾದರೂ ಆದೀತು. ಹೂಳು ತೆಗೆದ ಗುಂಡಿಗಳಲ್ಲಿ ತೂಬಿಗೆ ಹತ್ತಿರದ, ಆಳವಾದ ಒಂದನ್ನು ಆರಿಸಿ ಸುತ್ತ ಜಾಲಿಮುಳ್ಳು ಹಾಕಿಬಿಡಿ, ಬಲೆ ಎಳೆಯಲು ಆಗದಂತೆ. ಉಳಿದ ಗುಂಡಿಗಳಲ್ಲಿ ನಾಲ್ಕಿಂಚಿನ ಎಳೆಬಲೆಯನ್ನು ಬಿಸಿಲೇರುವ ಮುಂಚೆ, ಐದು ಗಂಟೆಗೇ ಹಾಕಿ ಕಾಟ್ಲಾ, ಗೆಂಡೆ ತೆಗೆಯಿರಿ. ಅವು ಹೇಗೂ ಜೂನ್ ತನಕ ಉಳಿಯುವುದಿಲ್ಲ. ಕೊರವ, ಚೇಳುಮೀನು, ಹಾವುಮೀನು ಬಲೆಯೊಳಗೆ ಬಂದರೆ ಒದ್ದೆ ಗೋಣಿಯಲ್ಲಿ ಸುತ್ತಿ ಮುಳ್ಳು ಹಾಕಿದ ಗುಂಡಿಗೆ ದಾಟಿಸಿ. ಗಾಳಿಯಿಂದಲೂ ಉಸಿರಾಡುವ ಮೀನುಗಳು ಅವು, ಅಷ್ಟು ದಾರಿಗೆ ಸಾಯುವುದಿಲ್ಲ.